ರಾತ್ರಿಯ ಕಾಲು ಚಡಪಡಿಕೆ: ಎಣ್ಣೆ ಹಚ್ಚುವ ಮೊದಲು ರಕ್ತವನ್ನು ನೋಡೋಣ

ಶ್ರೀಮಠದಲ್ಲಿ ಶ್ರಾವಣಮಾಸದ ಸಂಜೆಯ ಪ್ರವಚನ ನಡೆಯುವಾಗ ಒಂದು ನೋಟ ಪ್ರತಿವರ್ಷವೂ ನಮ್ಮ ಕಣ್ಣಿಗೆ ಬೀಳುತ್ತದೆ. ಪ್ರವಚನ ಆರಂಭವಾಗಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜಮಖಾನದ ಮೇಲೆ ಕುಳಿತ ಭಕ್ತರಲ್ಲಿ ಒಬ್ಬಿಬ್ಬರು ಕಾಲು ಚಾಚುತ್ತಾರೆ, ಮತ್ತೆ ಮಡಚುತ್ತಾರೆ, ಮೀನಖಂಡವನ್ನು ಹಿಸುಕಿಕೊಳ್ಳುತ್ತಾರೆ. ಕಡೆಗೆ ತಾಳಲಾರದೆ ಎದ್ದು ಹೋಗಿ, ಕಂಬದ ಪಕ್ಕದಲ್ಲಿ ನಿಂತು ಉಳಿದ ಪ್ರವಚನವನ್ನು ಕೇಳುತ್ತಾರೆ. ಪಕ್ಕದಲ್ಲಿ ಕುಳಿತವರು ಇದನ್ನು ಶ್ರದ್ಧೆಯ ಕೊರತೆಯೆಂದು ಭಾವಿಸುವುದುಂಟು. ಮನೆಯಲ್ಲಿಯೂ ಹಿರಿಯರು, "ಕಾಲು ಅಲ್ಲಾಡಿಸಬೇಡ, ದಾರಿದ್ರ್ಯ ಬರುತ್ತದೆ" ಎಂದು ಗದರುವುದುಂಟು.

ಆದರೆ ಈ ಜನರ ಕಷ್ಟ ಶ್ರದ್ಧೆಗೆ ಸಂಬಂಧಿಸಿದ್ದಲ್ಲ. ಅವರು ಮನೆಗೆ ಹೋಗಿ ಮಲಗಿದ ಮೇಲೆ ಅದು ಇನ್ನೂ ಹೆಚ್ಚುತ್ತದೆ. ಊರೆಲ್ಲ ಮಲಗಿರುವ ಹೊತ್ತಿನಲ್ಲಿ ಅವರು ಅಂಗಳದಲ್ಲಿ ಓಡಾಡುತ್ತಿರುತ್ತಾರೆ. ಅರಕಲಗೂಡು, ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣದ ಕಡೆಗಳಿಂದ ನಮ್ಮ ಬಳಿಗೆ ಬರುವ ರೋಗಿಗಳು ಈ ತೊಂದರೆಯನ್ನು ನಾನಾ ಬಗೆಯಲ್ಲಿ ಬಣ್ಣಿಸುತ್ತಾರೆ: "ಕಾಲೊಳಗೆ ಇರುವೆ ಹರಿದಂತಾಗುತ್ತದೆ", "ಮೂಳೆಯೊಳಗೆ ಜುಮುಜುಮು ಎನ್ನುತ್ತದೆ", "ಕಾಲು ಸೆಳೆಯುತ್ತದೆ, ಆದರೆ ನೋವೆಂದು ಹೇಳಲಾಗದು". ಅನೇಕರು ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ಮೀನಖಂಡಕ್ಕೆ ಬಿಗಿದು ಕಟ್ಟಿಕೊಂಡು ಮಲಗುತ್ತಾರೆ. ಕೇಳುವುದು ಮಾತ್ರ ಒಂದೇ ಪ್ರಶ್ನೆ: "ಇದಕ್ಕೆ ಒಳ್ಳೆಯ ಎಣ್ಣೆ, ಬೇರು ಏನಾದರೂ ಇದೆಯೇ?"

ಇದೆ. ಅದನ್ನು ಈ ಲೇಖನದಲ್ಲಿ ವಿವರವಾಗಿ ತಿಳಿಸುತ್ತೇವೆ. ಆದರೆ ಅದಕ್ಕೆ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ಕೇಳದೆ ನಾವೇ ಒಮ್ಮೆ ಎಡವಿದೆವು.

ತೊಂದರೆಯನ್ನು ಗುರುತಿಸುವ ಬಗೆ

ಈ ಚಡಪಡಿಕೆಗೆ ನಾಲ್ಕು ಲಕ್ಷಣಗಳಿವೆ. ಮೊದಲನೆಯದು, ಕಾಲನ್ನು ಅಲುಗಿಸಲೇಬೇಕೆಂಬ ತಡೆಯಲಾರದ ತುಡಿತ. ಎರಡನೆಯದು, ಕುಳಿತಾಗ ಅಥವಾ ಮಲಗಿದಾಗ ಅದು ಆರಂಭವಾಗುವುದು ಅಥವಾ ಹೆಚ್ಚುವುದು. ಮೂರನೆಯದು, ಎದ್ದು ನಡೆದರೆ, ಕಾಲು ಚಾಚಿದರೆ, ತಿಕ್ಕಿದರೆ ಕೂಡಲೇ ತಗ್ಗುವುದು. ನಾಲ್ಕನೆಯದು, ಹಗಲಿಗಿಂತ ಸಂಜೆ ಮತ್ತು ರಾತ್ರಿ ಹೆಚ್ಚಾಗಿರುವುದು. ಈ ನಾಲ್ಕೂ ಕೂಡಿದ್ದು, ಬೇರೆ ಯಾವ ಕಾರಣವೂ ಇಲ್ಲವೆಂದು ವೈದ್ಯರಿಗೆ ಮನವರಿಕೆಯಾದರೆ ಮಾತ್ರ ಇದನ್ನು ಈ ಕಾಯಿಲೆಯೆಂದು ನಿಶ್ಚಯಿಸಬಹುದು.

ಮಧ್ಯರಾತ್ರಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಕಿರುಚುವಷ್ಟು ನೋಯುವುದು ಸ್ನಾಯುಸೆಳೆತವೇ ಹೊರತು ಇದಲ್ಲ. ಸಕ್ಕರೆ ಕಾಯಿಲೆಯವರಿಗೆ ಹಗಲು ರಾತ್ರಿಯೆನ್ನದೆ ಅಂಗಾಲು ಉರಿಯುವುದು ಅಥವಾ ಮರಗಟ್ಟುವುದು ನರಗಳ ದೌರ್ಬಲ್ಯದಿಂದ. ನಡೆದಾಗ ಹೆಚ್ಚುವ ಮಂಡಿನೋವು ಸಂಧಿವಾತದ್ದು. ಇವೆಲ್ಲಕ್ಕೂ ಒಂದೇ ಎಣ್ಣೆಯನ್ನು ತಿಕ್ಕುತ್ತಾ ಹೋದರೆ ಕಾಲ ಕಳೆಯುತ್ತದೆ, ಕಾಯಿಲೆ ಉಳಿಯುತ್ತದೆ.

ಪಾಶ್ಚಾತ್ಯ ವೈದ್ಯದಲ್ಲಿ ಈ ತೊಂದರೆಯನ್ನು 1672ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಬಣ್ಣಿಸಿದರು. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಅವರು 1945ರಲ್ಲಿ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 'ರೆಸ್ಟ್‌ಲೆಸ್ ಲೆಗ್ಸ್' ಎಂಬ ಹೆಸರನ್ನು ನೀಡಿದರು. ಬೆಂಗಳೂರಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಇಬ್ಬರಲ್ಲಿ ಇದು ಕಂಡುಬಂದಿತು. ಕೆಲವು ಮನೆತನಗಳಲ್ಲಿ ತಾಯಿಗೂ ಮಗಳಿಗೂ, ತಂದೆಗೂ ಮಗನಿಗೂ ಇರುವುದುಂಟು. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ತಲೆದೋರಿ, ಹೆರಿಗೆಯ ನಂತರ ಬಹುಮಟ್ಟಿಗೆ ತಾನಾಗಿ ಮಾಯವಾಗುತ್ತದೆ. ಮೂತ್ರಪಿಂಡ ಸೋತವರಲ್ಲಿಯೂ ಹೆಚ್ಚಾಗಿ ಕಾಣುತ್ತದೆ.

ಶಾಸ್ತ್ರ ಏನೆನ್ನುತ್ತದೆ?

ಆಯುರ್ವೇದದಲ್ಲಿ ಇದಕ್ಕೆ ನೇರವಾದ ಒಂದೇ ಹೆಸರಿಲ್ಲ. ಚರಕ ಸಂಹಿತೆಯು ಎಣಿಸುವ 80 ವಾತವಿಕಾರಗಳಲ್ಲಿ ಪಾದಶೂಲ, ಪಾದಸುಪ್ತತೆ, ಪಿಂಡಿಕೋದ್ವೇಷ್ಟನ ಎಂದರೆ ಮೀನಖಂಡ ಹಿಂಡಿದಂತಾಗುವುದು, ಅಸ್ವಪ್ನ ಎಂದರೆ ನಿದ್ರೆ ಬಾರದಿರುವುದು ಇವೆಲ್ಲವೂ ಬರುತ್ತವೆ. ಸುಶ್ರುತ ಸಂಹಿತೆಯು ಕಾಲು ಜುಮ್ಮೆಂದು ಮರಗಟ್ಟಿದಂತಾಗುವ ಪಾದಹರ್ಷವನ್ನು ಕಫವಾತಗಳ ಪ್ರಕೋಪವೆಂದು ಹೇಳುತ್ತದೆ. ಇವನ್ನು ಓದಿದ ಯಾವ ವೈದ್ಯನೂ 'ಇದು ವಾತ, ಸ್ನೇಹನ ಮಾಡಬೇಕು, ಎಣ್ಣೆ ಹಚ್ಚಬೇಕು' ಎಂಬ ನಿರ್ಣಯಕ್ಕೆ ಬರುತ್ತಾನೆ. ನಾವೂ ಹಾಗೆಯೇ ಬರುತ್ತಿದ್ದೆವು.

ಆದರೆ ಅದೇ ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗದ, ಅಂದರೆ ರಕ್ತಹೀನತೆಯ, ಅಧ್ಯಾಯವಿದೆ. ರಕ್ತ ಬತ್ತಿದ ರೋಗಿಯ ಲಕ್ಷಣಗಳನ್ನು ಹೇಳುವಾಗ ಆಚಾರ್ಯರು ಕಾಂತಿ ಕುಂದುವುದು, ಸಿಡುಕು, ಚಳಿ ಸೇರದಿರುವುದು ಇವುಗಳ ಜೊತೆಗೆ ಮೀನಖಂಡ ಹಿಂಡಿದಂತಾಗುವುದನ್ನೂ, ಸೊಂಟ ತೊಡೆ ಪಾದಗಳ ನೋವು ಮತ್ತು ಸೋಲನ್ನೂ ಹೇಳಿದ್ದಾರೆ. ಕಾಲಿನ ತೊಂದರೆಯ ಬೇರು ರಕ್ತದಲ್ಲಿರಬಹುದೆಂಬ ಸೂಚನೆ ನಮ್ಮ ಗ್ರಂಥದಲ್ಲಿಯೇ ಇತ್ತು. ವಿದ್ಯಾರ್ಥಿಯಾಗಿದ್ದಾಗ ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೂ ಇದ್ದೆವು. ರೋಗಿಯು ಎದುರಿಗೆ ಬಂದು ಕುಳಿತಾಗ ನೆನಪಾಗಲಿಲ್ಲ.

ಒಬ್ಬ ತಾಯಿ ಕಲಿಸಿದ ಪಾಠ

ಹನ್ನೆರಡು ವರ್ಷಗಳ ಹಿಂದಿನ ಮಾತು. ರಾಮನಾಥಪುರದ ಕಡೆಯ ಹಳ್ಳಿಯೊಂದರಿಂದ ಸುಮಾರು 44 ವರ್ಷದ ತಾಯಿಯೊಬ್ಬರು ತಮ್ಮ ಯಜಮಾನರೊಂದಿಗೆ ಬಂದರು. ಹೊಗೆಸೊಪ್ಪಿನ ಕಾಲ. ಹಗಲೆಲ್ಲ ಎಲೆ ಕಟ್ಟುವ ಕೆಲಸ, ರಾತ್ರಿ ಮಲಗಿದೊಡನೆ ಕಾಲಿನ ಹರಿದಾಟ. ಹನ್ನೊಂದರಿಂದ ಎರಡು ಗಂಟೆಯವರೆಗೆ ಅಂಗಳದಲ್ಲಿ ನಡೆದಾಡುತ್ತಿದ್ದರು. ನೆರೆಯವರು 'ಗಾಳಿ ಸೋಕಿದೆ' ಎಂದು ಹೇಳಿ ಅಂತ್ರವನ್ನೂ ಕಟ್ಟಿಸಿದ್ದರು. ಯಜಮಾನರು ನಮ್ಮೆದುರಿಗೆ, "ಇವಳಿಗೆ ಕಾಲು ನೋವೋ ತಲೆ ನೋವೋ ಗೊತ್ತಾಗುವುದಿಲ್ಲ, ಡಾಕ್ಟ್ರೇ. ನಾವಂತೂ ನಿದ್ದೆ ಕಂಡಿಲ್ಲ" ಎಂದರು. ಆ ತಾಯಿ ತಲೆ ತಗ್ಗಿಸಿ ಕುಳಿತಿದ್ದರು.

ನಾವು ನಾಡಿ ನೋಡಿದೆವು, ನಾಲಿಗೆ ನೋಡಿದೆವು, ವಾತವೆಂದು ನಿಶ್ಚಯಿಸಿದೆವು. ಕಾಲಿಗೆ ಕ್ಷೀರಬಲಾ ತೈಲ, ರಾತ್ರಿ ಹಾಲಿನೊಂದಿಗೆ ಅಶ್ವಗಂಧ ಚೂರ್ಣ ಕೊಟ್ಟೆವು. ಹದಿನೈದು ದಿನಗಳಲ್ಲಿ ಸ್ವಲ್ಪ ಗುಣ ಕಂಡಿತು. ಅವರೂ ಸಂತೋಷಪಟ್ಟರು, ನಾವೂ ಸಂತೋಷಪಟ್ಟೆವು. ಎರಡು ತಿಂಗಳಿಗೆ ತೊಂದರೆ ಮರುಕಳಿಸಿತು. ನಾವು ತೈಲವನ್ನು ಬದಲಾಯಿಸಿದೆವು, ಕಷಾಯವನ್ನು ಸೇರಿಸಿದೆವು. ಹೀಗೆ ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಅವರು ನಮ್ಮ ಚಿಕಿತ್ಸಾಲಯದ ಮೆಟ್ಟಿಲು ಹತ್ತುವಾಗಲೇ ಏದುಸಿರು ಬಿಟ್ಟು ಕುಸಿದು ಕುಳಿತರು. ಕಣ್ಣಿನ ರೆಪ್ಪೆಯನ್ನು ಕೆಳಗೆಳೆದು ನೋಡಿದರೆ ಒಳಭಾಗ ಸುಣ್ಣದಂತೆ ಬಿಳುಪಾಗಿತ್ತು. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.8 ಗ್ರಾಂ ಇತ್ತು.

ಆಗ ನಮ್ಮ ಮನೆಯವರು ಆ ತಾಯಿಯನ್ನು ಒಳಗೆ ಕರೆದು ಮಾತನಾಡಿಸಿದರು. ಎರಡು ವರ್ಷಗಳಿಂದ ಮುಟ್ಟಿನ ಸ್ರಾವ ಹತ್ತು ಹನ್ನೆರಡು ದಿನ ಹೋಗುತ್ತಿದ್ದುದು ತಿಳಿಯಿತು. ಗರ್ಭಕೋಶದಲ್ಲಿ ಗಡ್ಡೆಯಿತ್ತು. ಅವರೇಕೆ ಮೊದಲೇ ಹೇಳಲಿಲ್ಲವೆಂದು ದೂರುವಂತಿಲ್ಲ. ಗಂಡಸರಿಬ್ಬರ ಎದುರಿಗೆ ಕುಳಿತ ಹೆಣ್ಣುಮಗಳು ಅದನ್ನು ಹೇಗೆ ಹೇಳಿಯಾಳು? ಕೇಳಬೇಕಾದವರು ನಾವು, ಕೇಳಲಿಲ್ಲ. ಹಾಸನದಲ್ಲಿ ಸ್ತ್ರೀರೋಗ ತಜ್ಞರ ಚಿಕಿತ್ಸೆಯಾಗಿ, ರಕ್ತ ತುಂಬಿ, ಕಬ್ಬಿಣಾಂಶ ಸರಿಹೋದ ಮೇಲೆ ಮೂರು ತಿಂಗಳೊಳಗೆ ಕಾಲಿನ ಹರಿದಾಟ ನಿಂತಿತು. ನಮ್ಮ ತೈಲ ನಾಲ್ಕು ತಿಂಗಳಲ್ಲಿ ಮಾಡಲಾಗದ ಕೆಲಸ ಅದು. ನಮ್ಮ ತೈಲದಿಂದ ಸಿಕ್ಕಿದ ತುಸು ನೆಮ್ಮದಿಯೇ ರೋಗವನ್ನು ನಾಲ್ಕು ತಿಂಗಳು ಮುಚ್ಚಿಟ್ಟಿತ್ತು ಎಂಬುದನ್ನು ಇಂದಿಗೂ ಮರೆತಿಲ್ಲ.

ಕಬ್ಬಿಣಕ್ಕೂ ಕಾಲಿಗೂ ಏನು ನಂಟು?

ಮೆದುಳಿನಲ್ಲಿ ಡೋಪಮೈನ್ ಎಂಬ ರಸವಿದೆ. ಅಂಗಾಂಗಗಳ ಚಲನೆಯನ್ನು ಹದದಲ್ಲಿಡುವುದು ಅದರ ಕೆಲಸಗಳಲ್ಲೊಂದು. ಅದು ತಯಾರಾಗಲು ಕಬ್ಬಿಣಾಂಶ ಬೇಕು. ಮೆದುಳಿಗೆ ಕಬ್ಬಿಣ ಸಾಲದಿದ್ದರೆ ಈ ಹದ ತಪ್ಪಿ ಕಾಲಿನಲ್ಲಿ ಚಡಪಡಿಕೆ ಕಾಣಿಸಿಕೊಳ್ಳುತ್ತದೆ ಎಂಬುದು ಇಂದಿನ ವಿಜ್ಞಾನದ ತಿಳಿವಳಿಕೆ. ಎಲ್ಲರಿಗೂ ಇದೊಂದೇ ಕಾರಣವೆಂದಲ್ಲ. ಆದರೆ ಸರಿಪಡಿಸಬಹುದಾದ ಕಾರಣಗಳಲ್ಲಿ ಇದು ಮುಖ್ಯವಾದುದು.

ನಮ್ಮ ನಾಡಿನಲ್ಲಿ ಈ ಕೊರತೆ ಅಪರೂಪದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆಯಿದೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ಆದುದರಿಂದ ರಾತ್ರಿಯ ಕಾಲು ಚಡಪಡಿಕೆಯುಳ್ಳವರು ಎರಡು ರಕ್ತಪರೀಕ್ಷೆಗಳನ್ನು ಮಾಡಿಸಬೇಕು. ಮೊದಲನೆಯದು ಹಿಮೋಗ್ಲೋಬಿನ್. ಮಹಿಳೆಯರಿಗೆ 12, ಗರ್ಭಿಣಿಯರಿಗೆ 11, ಪುರುಷರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಎರಡನೆಯದು ಫೆರಿಟಿನ್. ಇದು ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣದ ಲೆಕ್ಕವನ್ನು ಹೇಳುತ್ತದೆ. ಕಣಜದ ರಾಗಿ ತಳ ಕಂಡಿದ್ದರೂ ಅಡುಗೆಮನೆಯ ಡಬ್ಬ ತುಂಬಿರುವಂತೆ, ಹಿಮೋಗ್ಲೋಬಿನ್ ಸರಿಯಾಗಿದ್ದರೂ ಫೆರಿಟಿನ್ ಇಳಿದಿರಬಹುದು. ಅಮೆರಿಕದ ನಿದ್ರಾವೈದ್ಯರ ಸಂಘವು 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಈ ತೊಂದರೆಯುಳ್ಳ ವಯಸ್ಕರಲ್ಲಿ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶವನ್ನು ಕೊಡುವ ಬಗ್ಗೆ ಯೋಚಿಸಬೇಕು. ಪ್ರಯೋಗಾಲಯದ ಚೀಟಿಯಲ್ಲಿ 20 ಅಥವಾ 30 ಇದ್ದರೂ 'ನಾರ್ಮಲ್' ಎಂದು ಅಚ್ಚಾಗಿರುವುದುಂಟು. ಅಷ್ಟನ್ನೇ ನೋಡಿ ಸುಮ್ಮನಾಗದೆ ವೈದ್ಯರಿಗೆ ಕಾಲಿನ ವಿಷಯವನ್ನು ಹೇಳಬೇಕು. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಏರುವುದರಿಂದ ಅಂತಹ ದಿನಗಳಲ್ಲಿ ಪರೀಕ್ಷೆ ಬೇಡ. ಇವುಗಳೊಂದಿಗೆ ಸಕ್ಕರೆ ಮತ್ತು ಮೂತ್ರಪಿಂಡದ ಪರೀಕ್ಷೆಯೂ ಆದರೆ ಒಳ್ಳೆಯದು.

ಕೊರತೆ ಕಂಡಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಕಬ್ಬಿಣ ಎಲ್ಲಿಗೆ ಹೋಯಿತು? ಹೆಣ್ಣುಮಕ್ಕಳಲ್ಲಿ ಮುಟ್ಟಿನ ಸ್ರಾವವನ್ನು ವಿಚಾರಿಸಬೇಕು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ತಾಯಂದಿರಲ್ಲಿ ಮೂಲವ್ಯಾಧಿ, ಜಠರದ ಹುಣ್ಣು, ಮಂಡಿನೋವಿಗೆಂದು ದಿನನಿತ್ಯ ನುಂಗುವ ನೋವಿನ ಮಾತ್ರೆಗಳು, ಕರುಳಿನ ಗಡ್ಡೆ ಇವೆಲ್ಲ ರಕ್ತವನ್ನು ಗುಟ್ಟಾಗಿ ಸೋರಿಸುತ್ತವೆ. ಸೋರುವ ಗಡಿಗೆಗೆ ನೀರು ತುಂಬುವ ಮೊದಲು ತೂತು ಹುಡುಕಬೇಕಲ್ಲವೇ? ಅರವತ್ತು ದಾಟಿದ ಹಿರಿಯರ ಕಬ್ಬಿಣದ ಕೊರತೆಯನ್ನು 'ವಯಸ್ಸಾಯಿತು' ಎಂದು ಕಡೆಗಣಿಸಲೇಬಾರದು.

ಅಡುಗೆಮನೆಯಲ್ಲಿ ಮಾಡಬೇಕಾದುದು

ನಾವು ಸಸ್ಯಾಹಾರಿಗಳು. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ಅದಕ್ಕೆ ಹುಳಿಯ ಜೊತೆ ಬೇಕು. ನಮ್ಮ ಸೀಮೆಯ ಊಟದಲ್ಲಿ ಇದಕ್ಕೆ ಬೇಕಾದುದೆಲ್ಲವೂ ಇದೆ. 100 ಗ್ರಾಂ ಹುರುಳಿಯಲ್ಲಿ 8 ಮಿಲಿಗ್ರಾಂಗಿಂತ ಹೆಚ್ಚು, ರಾಗಿಯಲ್ಲಿ ಸುಮಾರು ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಹುರುಳಿಯನ್ನು ಮೊಳಕೆ ಕಟ್ಟಿದರೆ ಕಬ್ಬಿಣವನ್ನು ಹಿಡಿದಿಡುವ ಅಂಶ ತಗ್ಗುತ್ತದೆ. ಮೊಳಕೆ ಹುರುಳಿಯ ಬಸ್ಸಾರು, ಹುಚ್ಚೆಳ್ಳಿನ ಚಟ್ನಿ, ದಂಟಿನ ಸೊಪ್ಪು, ನುಗ್ಗೆ ಸೊಪ್ಪು, ಎಳ್ಳು ಇವು ವಾರದಲ್ಲಿ ಮತ್ತೆ ಮತ್ತೆ ಬರಲಿ. ಊಟಕ್ಕೆ ನಿಂಬೆಹುಳಿ ಹಿಂಡಿಕೊಳ್ಳಿರಿ; ನೆಲ್ಲಿಕಾಯಿ ಅಥವಾ ಸೀಬೆಹಣ್ಣು ಜೊತೆಗಿದ್ದರೆ ಮತ್ತೂ ಒಳ್ಳೆಯದು. ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡುವ ಹಳೆಯ ರೂಢಿ ಒಳ್ಳೆಯ ರೂಢಿ.

ಬಿಡಬೇಕಾದುದು ಊಟದ ಬೆನ್ನಲ್ಲೇ ಕುಡಿಯುವ ಕಾಫಿ ಮತ್ತು ಟೀ. ಅವು ಕಬ್ಬಿಣವನ್ನು ಹೀರದಂತೆ ತಡೆಯುತ್ತವೆ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ. ಸಂಜೆಯ ಕಾಫಿ ಈ ತೊಂದರೆಯುಳ್ಳ ಹಲವರಲ್ಲಿ ಚಡಪಡಿಕೆಯನ್ನೇ ಹೆಚ್ಚಿಸುತ್ತದೆ. ಕಾಫಿಯ ನಾಡಿನಲ್ಲಿದ್ದು ಈ ಮಾತು ಹೇಳುವುದು ನಮಗೂ ಕಷ್ಟವೇ. ಒಂದು ತಿಂಗಳು ಮಧ್ಯಾಹ್ನದ ಮೇಲೆ ಬಿಟ್ಟು ನೋಡಿರಿ. ಹೊಗೆಸೊಪ್ಪು ಮತ್ತು ಮದ್ಯಗಳ ಬಗ್ಗೆ ಶ್ರೀಮಠದ ಭಕ್ತರಿಗೆ ಬೇರೆ ಹೇಳಬೇಕಾಗಿಲ್ಲ.

ಕೊರತೆ ಹೆಚ್ಚಿದ್ದರೆ ಆಹಾರವೊಂದೇ ಸಾಲದು. ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಅದು ಹೊಟ್ಟೆಗೆ ಒಗ್ಗದವರಿಗೆ ಅಥವಾ ಮೈಗೆ ಸೇರದವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುತ್ತಾರೆ. ಆಯುರ್ವೇದದಲ್ಲಿಯೂ ಪಾಂಡುರೋಗಕ್ಕೆ ನವಾಯಸ ಚೂರ್ಣ, ಪುನರ್ನವಾ ಮಂಡೂರ, ಧಾತ್ರೀ ಲೋಹ ಮುಂತಾದ ಲೋಹಯೋಗಗಳಿವೆ. ಯಾವುದನ್ನು ತೆಗೆದುಕೊಂಡರೂ ವೈದ್ಯರ ಸಲಹೆಯಿರಲಿ, ಮೂರು ತಿಂಗಳ ಮೇಲೆ ಮತ್ತೆ ಫೆರಿಟಿನ್ ನೋಡಿಸಿರಿ. ಅಂಕಿ ಏರದಿದ್ದರೆ ಔಷಧವನ್ನು ಬದಲಾಯಿಸಬೇಕು. ಪದ್ಧತಿಯ ಅಭಿಮಾನ ಅಡ್ಡ ಬರಬಾರದು. ಪರೀಕ್ಷೆಯಿಲ್ಲದೆ ಕಬ್ಬಿಣ ನುಂಗುವುದೂ ತಪ್ಪು. ಅದು ದೇಹದಲ್ಲಿ ಹೆಚ್ಚಾದರೆ ಯಕೃತ್ತಿಗೆ ಕೇಡು.

ಎಣ್ಣೆ ಮತ್ತು ಬೇರುಗಳ ಸ್ಥಾನ

ರಕ್ತವನ್ನು ನೋಡಿಸಿಯಾಯಿತು, ಕಾರಣಕ್ಕೆ ಚಿಕಿತ್ಸೆ ಆರಂಭವಾಯಿತು. ಕಬ್ಬಿಣವು ಕೆಲಸ ಮಾಡಲು ವಾರಗಳೇ ಬೇಕು. ಆ ರಾತ್ರಿಗಳನ್ನು ಕಳೆಯುವುದು ಹೇಗೆ? ಕೊರತೆಯೇ ಇಲ್ಲದವರು ಏನು ಮಾಡಬೇಕು? ನಮ್ಮ ಎಣ್ಣೆ ಬೇರುಗಳು ನೆರವಿಗೆ ಬರುವುದು ಇಲ್ಲಿ.

ಪಾದಾಭ್ಯಂಗ. ಅಷ್ಟಾಂಗಹೃದಯದ ದಿನಚರ್ಯೆಯಲ್ಲಿ ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಿಧಿಸಲಾಗಿದೆ. ಮಲಗುವ ಅರ್ಧ ಗಂಟೆ ಮೊದಲು ಎರಡು ಚಮಚ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ, ಮಂಡಿಯಿಂದ ಹಿಮ್ಮಡಿಯವರೆಗೆ, ಬಳಿಕ ಅಂಗಾಲಿಗೆ, ಒಂದೊಂದು ಕಾಲಿಗೆ ಐದರಿಂದ ಹತ್ತು ನಿಮಿಷ ತಿಕ್ಕಬೇಕು. ಕ್ಷೀರಬಲಾ ತೈಲವೂ ಒಳ್ಳೆಯದು; ಬಲಾಮೂಲ, ಹಾಲು ಮತ್ತು ಎಳ್ಳೆಣ್ಣೆಯಿಂದ ಅದನ್ನು ಪಾಕ ಮಾಡಿರುತ್ತಾರೆ. ತಿಕ್ಕಿದ ನಂತರ ಬೆಚ್ಚನೆಯ ನೀರಿನಲ್ಲಿ ಕಾಲನ್ನು ಹತ್ತು ನಿಮಿಷ ಇಟ್ಟು, ಅಂಗಾಲನ್ನು ಚೆನ್ನಾಗಿ ಒರೆಸಬೇಕು. ಒರೆಸದೆ ಎದ್ದು ಜಾರಿ ಬಿದ್ದು ಸೊಂಟ ಮುರಿದುಕೊಂಡ ಹಿರಿಯರನ್ನು ಕಂಡಿದ್ದೇವೆ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶ ಕುಂದಿರುವುದರಿಂದ ನೀರಿನ ಬಿಸಿಯನ್ನು ಮನೆಯ ಬೇರೊಬ್ಬರು ಮೊಣಕೈಯಿಂದ ಪರೀಕ್ಷಿಸಲಿ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಲೇಬಾರದು. ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಶ್ವಗಂಧ. ನಮ್ಮ ಕಡೆ ಹಿರೇಮದ್ದು ಎಂದೂ ಕರೆಯುತ್ತಾರೆ. ಇದರ ಬೇರಿನ ಪುಡಿ 3 ಗ್ರಾಂ, ರಾತ್ರಿ ಬೆಚ್ಚನೆಯ ಹಾಲಿನೊಂದಿಗೆ. ದಣಿದು ಸೊರಗಿದವರಿಗೆ, ಕಳವಳದಿಂದ ನಿದ್ರೆಗೆಟ್ಟವರಿಗೆ ಒಪ್ಪುತ್ತದೆ. ಗರ್ಭಿಣಿಯರಿಗೆ, ಥೈರಾಯ್ಡ್ ಹೆಚ್ಚಾಗಿರುವವರಿಗೆ, ಯಕೃತ್ತಿನ ಕಾಯಿಲೆಯವರಿಗೆ ಸಲ್ಲದು. ಆದರೆ ಒಂದು ಮಾತು: ಕಬ್ಬಿಣದ ಮಾತ್ರೆಯನ್ನು ಹಾಲಿನೊಂದಿಗೆ ತೆಗೆದುಕೊಳ್ಳಬಾರದು. ಅದು ಬೇರೆ ಹೊತ್ತಿಗೆ, ನಿಂಬೆಯ ಪಾನಕದೊಂದಿಗೆ ಇರಲಿ.

ಜಟಾಮಾಂಸಿ ಮತ್ತು ತಗರ. ಇವೆರಡೂ ಹಿಮಾಲಯದ ಬೇರುಗಳು, ಮನಸ್ಸನ್ನು ಶಾಂತಗೊಳಿಸುವಂಥವು. ತಗರದ ಹತ್ತಿರದ ಬಂಧುವಾದ ವಲೇರಿಯನ್ ಬೇರನ್ನು ಈ ಕಾಯಿಲೆಗೆಂದೇ ಅಮೆರಿಕದಲ್ಲಿ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. 37 ಜನರು ಭಾಗವಹಿಸಿದ್ದರು; ಕೆಲವರಿಗೆ ದಿನಕ್ಕೆ 800 ಮಿಲಿಗ್ರಾಂ ಬೇರು, ಉಳಿದವರಿಗೆ ಔಷಧವಿಲ್ಲದ ಗುಳಿಗೆ, ಎಂಟು ವಾರ. ಎರಡೂ ಗುಂಪಿನವರಿಗೆ ಗುಣ ಕಂಡಿತು, ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಬೇರು ನಿದ್ರೆಗೆ ನೆರವಾಗಬಹುದು, ಆದರೆ ಕಾಲಿನ ಕಾಯಿಲೆಯನ್ನು ಬೇರುಸಹಿತ ಕೀಳುತ್ತದೆಂದು ಹೇಳಲಾರೆವು. ನಿದ್ರೆಮಾತ್ರೆ ನುಂಗುವವರು ಇವನ್ನು ಜೊತೆಗೆ ತೆಗೆದುಕೊಳ್ಳಕೂಡದು.

ಎಚ್ಚರ ಬೇಕಾದ ಮೂರು ಸಂಗತಿಗಳು

ಮೊದಲನೆಯದು ನಸುಗುನ್ನಿ ಬೀಜ. ಧಾತುಪುಷ್ಟಿಗೆಂದು ಹಾಲಿನಲ್ಲಿ ಬೇಯಿಸಿ ಶುದ್ಧಿಮಾಡಿದ ಈ ಬೀಜದ ಪುಡಿಯನ್ನು ಬಳಸುತ್ತಾರೆ. ಇದರಲ್ಲಿ ಲೆವೊಡೋಪಾ ಎಂಬ ಅಂಶ ಸಹಜವಾಗಿಯೇ ಇದೆ. ದೇಹದಲ್ಲಿ ಅದು ಡೋಪಮೈನ್ ಆಗುತ್ತದೆ. ಆದ್ದರಿಂದ ಕಾಲಿನ ಚಡಪಡಿಕೆ ಇದರಿಂದ ತಗ್ಗಬಹುದು ಎಂಬ ಆಸೆ ಹುಟ್ಟುವುದು ಸಹಜ. ಅಪಾಯವಿರುವುದೂ ಅಲ್ಲಿಯೇ. ಲೆವೊಡೋಪಾ ಮಾತ್ರೆಯನ್ನು ಈ ಕಾಯಿಲೆಗೆ ಬಹುಕಾಲ ಕೊಟ್ಟಾಗ ಮೊದಲು ಗುಣ ಕಂಡು, ತಿಂಗಳುಗಳ ನಂತರ ಕಾಯಿಲೆಯೇ ಉಲ್ಬಣಿಸುವುದು ಕಂಡುಬಂದಿದೆ. ರಾತ್ರಿ ಬರುತ್ತಿದ್ದುದು ಮಧ್ಯಾಹ್ನಕ್ಕೇ ಬರುತ್ತದೆ, ಕಾಲಿನಲ್ಲಿದ್ದುದು ಕೈಗೂ ಹರಡುತ್ತದೆ. ರೋಗಿಯು ಪ್ರಮಾಣವನ್ನು ಹೆಚ್ಚಿಸುತ್ತಾನೆ, ರೋಗವೂ ಹೆಚ್ಚುತ್ತದೆ. ಈ ಕಾರಣದಿಂದ ಮೇಲೆ ಹೇಳಿದ 2025ರ ಮಾರ್ಗಸೂಚಿಯು ಇಂತಹ ಔಷಧಗಳನ್ನು ವಾಡಿಕೆಯಾಗಿ ಬಳಸಬಾರದೆಂದು ಹೇಳಿದೆ. ಮಾತ್ರೆಗೆ ಅನ್ವಯಿಸುವ ಎಚ್ಚರವನ್ನು ಬೀಜಕ್ಕೆ ಬೇಡವೆನ್ನಲು ಬರುವುದಿಲ್ಲ. ಕಾಲಿನ ಚಡಪಡಿಕೆಗೆ ನಸುಗುನ್ನಿಯನ್ನು ತಾವಾಗಿ ತೆಗೆದುಕೊಳ್ಳಬೇಡಿರಿ.

ಎರಡನೆಯದು ಸಂತೆಯ ಪುಡಿಗಳು. ಹೆಸರು, ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ತಯಾರಾದ ದಿನಾಂಕ ಇಲ್ಲದ ಪೊಟ್ಟಣದಲ್ಲಿ ಏನಿದೆಯೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ಮೂತ್ರಪಿಂಡ ಸೋತವರಿಗಂತೂ ಸಾಧಾರಣ ಕಷಾಯವೂ ಭಾರವಾಗಬಹುದು.

ಮೂರನೆಯದು ಅಂಗಡಿಯ ಮಾತ್ರೆಗಳು. ನೆಗಡಿ, ಅಲರ್ಜಿಗೆಂದು ಕೊಳ್ಳುವ ಕೆಲವು ನಿದ್ರೆ ಬರಿಸುವ ಮಾತ್ರೆಗಳು, ವಾಂತಿ ನಿಲ್ಲಿಸುವ ಕೆಲವು ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು ಈ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ತೊಂದರೆ ಯಾವಾಗ ಆರಂಭವಾಯಿತು, ಆಗ ಯಾವ ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿರಿ. ಆದರೆ ಮನೋವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿರಿ.

ದಿನದ ಕ್ರಮ

ಸಂಜೆ ಅರ್ಧ ಗಂಟೆ ಹದವಾದ ನಡಿಗೆ. ರಾತ್ರಿಯ ಊಟ ಎಂಟರೊಳಗೆ, ಹೊಟ್ಟೆಗೆ ಹಗುರವಾಗಿ. ಮಲಗುವ ಮೊದಲು ಗೋಡೆಗೆ ಕೈಯೂರಿ ಮೀನಖಂಡವನ್ನು ಮೆಲ್ಲಗೆ ಎಳೆಯುವ ವ್ಯಾಯಾಮ, ಆಮೇಲೆ ಪಾದಾಭ್ಯಂಗ. ದಿನವೂ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವುದು. ಕಾಲಿಗೆ ಬಟ್ಟೆ ಕಟ್ಟುವ ರೂಢಿಯಿದ್ದವರು ಬೆರಳು ನೀಲಿಗಟ್ಟುವಂತೆ ಬಿಗಿಯಬಾರದು. ನಸುಕಿನಲ್ಲಿ ಈ ತೊಂದರೆ ತಗ್ಗಿರುವುದರಿಂದ ಇಷ್ಟಲಿಂಗಪೂಜೆಗೆ ಆ ಹೊತ್ತೇ ಹಿತ. ಸಂಜೆಯ ಪೂಜೆಯಲ್ಲಿ ಪದ್ಮಾಸನ ಸಹಿಸದಿದ್ದರೆ ಮಣೆಯ ಮೇಲೋ ಕುರ್ಚಿಯ ಮೇಲೋ ಕುಳಿತು ಮಾಡಿದರೆ ಪೂಜೆಗೆ ಕುಂದಿಲ್ಲ.

ಇಷ್ಟೆಲ್ಲ ಮಾಡಿಯೂ ವಾರಕ್ಕೆ ಎರಡು ಮೂರು ರಾತ್ರಿ ನಿದ್ರೆಗೆಡುತ್ತಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಈ ಕಾಯಿಲೆಗೆ ಇಂದು ಒಳ್ಳೆಯ ಔಷಧಗಳಿವೆ. ಅಭ್ಯಂಗ, ಬಸ್ತಿ ಮುಂತಾದ ಚಿಕಿತ್ಸೆಗಳನ್ನು ಕ್ರಮವಾಗಿ ಪಡೆಯಬಯಸುವವರು ಹಾಸನದ ತಣ್ಣೀರುಹಳ್ಳದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಆಸ್ಪತ್ರೆಯಂತಹ ಕಡೆ ಹೋಗಬಹುದು. ರಕ್ತಪರೀಕ್ಷೆಯ ಚೀಟಿಯನ್ನು ಮಾತ್ರ ಜೊತೆಗೆ ಒಯ್ಯಿರಿ.

ಕೊನೆಯದಾಗಿ ಮನೆಯ ಯಜಮಾನರಲ್ಲಿ ಒಂದು ಅರಿಕೆ. ನಡುರಾತ್ರಿ ನಿಮ್ಮ ಮನೆಯ ತಾಯಿಯೋ ಹೆಂಡತಿಯೋ ಸೊಸೆಯೋ ಅಂಗಳದಲ್ಲಿ ಓಡಾಡುತ್ತಿದ್ದರೆ ಗದರಬೇಡಿರಿ, ಗಾಳಿಯೆಂದು ಹೆದರಬೇಡಿರಿ. ಬೆಳಗಾದ ಮೇಲೆ ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿರಿ. ಅವರು ನಿಮ್ಮ ಎದುರಿಗೆ ಹೇಳಲಾರದ ಮಾತಿದ್ದರೆ ವೈದ್ಯರೊಡನೆ ಒಬ್ಬರೇ ಮಾತನಾಡಲು ಬಿಟ್ಟು ಹೊರಗೆ ಕುಳಿತುಕೊಳ್ಳಿರಿ. ಅಂದು ರಾತ್ರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಅವರ ಕಾಲಿಗೆ ನೀವೇ ಹಚ್ಚಿರಿ. ದಿನವೆಲ್ಲ ಮನೆಗಾಗಿ ನಡೆದ ಕಾಲುಗಳವು. ಅವನ್ನು ತಿಕ್ಕುವುದರಲ್ಲಿ ಸಣ್ಣತನವೇನೂ ಇಲ್ಲ.

ಆ ರಾಮನಾಥಪುರದ ಕಡೆಯ ತಾಯಿ ಈಗಲೂ ಶ್ರಾವಣದಲ್ಲಿ ಶ್ರೀಮಠಕ್ಕೆ ಬರುತ್ತಾರೆ. ಹೋದ ವರ್ಷ ಪ್ರವಚನ ಮುಗಿಯುವವರೆಗೂ ಜಮಖಾನದ ಮೇಲೆಯೇ ಕುಳಿತಿದ್ದರು.